ಮೈಸೂರಿನ ಬಡಾವಣೆಗಳ ತಿಂಡಿ–ಊಟ: ಹೊತ್ತರಿತು ಹೋಗಬೇಕಾದ ಜಾಗಗಳು

ಮೈಸೂರಿಗೆ ಬರುವ ನೆಂಟರಿಷ್ಟರು ಊಟ–ತಿಂಡಿಯ ವಿಷಯದಲ್ಲಿ ಒಂದು ಪಟ್ಟಿಯನ್ನು ಹಿಡಿದುಕೊಂಡೇ ಬರುತ್ತಾರೆ. ನಜರ್‌ಬಾದಿನ ಮೈಲಾರಿ ದೋಸೆ, ಮಂಡಿ ಮೊಹಲ್ಲಾದ ಹನುಮಂತು ಪಲಾವ್, ಗಾಂಧಿ ಚೌಕದ ಆರ್‌ಆರ್‌ಆರ್ ಊಟ, ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸಿನ ಮೈಸೂರುಪಾಕ್, ಇವಿಷ್ಟು ಆ ಪಟ್ಟಿಯಲ್ಲಿ ತಪ್ಪದೆ ಇರುತ್ತವೆ. ಇವೆಲ್ಲವೂ ಹೋಗಲೇಬೇಕಾದ ಜಾಗಗಳು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂ, ಗೋಕುಲಂ, ವಿಜಯನಗರಗಳಂಥ ಪಶ್ಚಿಮದ ಬಡಾವಣೆಗಳಲ್ಲಿ ಬದುಕುತ್ತಿರುವ ನಾವು ದಿನನಿತ್ಯ ತಿನ್ನುವುದು ಬೇರೆಯೇ ಜಾಗಗಳಲ್ಲಿ, ಮತ್ತು ಆ ಜಾಗಗಳ ಬಗ್ಗೆ ಯಾರೂ ನಮ್ಮನ್ನು ಕೇಳುವುದಿಲ್ಲ. ಕೇಳಿದರೆ ನಾನು ಹೇಳುವ ಮೊದಲ ಮಾತು ಇದು: ಬಡಾವಣೆಯಲ್ಲಿ ಊಟ ಹುಡುಕುವವರು ಹೋಟೆಲು ಎಲ್ಲಿದೆ ಎಂದು ಕೇಳುವುದಕ್ಕಿಂತ ಮುಂಚೆ, ಅಲ್ಲಿಗೆ ಎಷ್ಟು ಗಂಟೆಗೆ ಹೋಗಬೇಕು ಎಂದು ಕೇಳಬೇಕು.

ಪೇಟೆಯ ಹೆಸರುವಾಸಿ ಹೋಟೆಲಿನಲ್ಲಿ ದಿನವಿಡೀ ಗಿರಾಕಿ ಇರುತ್ತದೆ. ಹಂಚು ಆರುವುದೇ ಇಲ್ಲ. ಬಡಾವಣೆಯ ಅಡುಗೆಮನೆ ಹಾಗಲ್ಲ. ಅದು ಸುತ್ತಲಿನ ಹತ್ತು ಬೀದಿಗಳ ದಿನಚರಿಯನ್ನು ನೋಡಿಕೊಂಡು ಅಡುಗೆ ಮಾಡುತ್ತದೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆದು ಬರುವವರು, ಆಮೇಲೆ ಕಚೇರಿಗೆ ಹೊರಟವರು, ಮಧ್ಯಾಹ್ನ ಕಾಲೇಜು ಬಿಟ್ಟ ಹುಡುಗರು, ಸಂಜೆ ಉದ್ಯಾನದ ಬೆಂಚಿನಿಂದ ಎದ್ದು ಬರುವ ಹಿರಿಯರು, ಹೀಗೆ ಯಾರು ಯಾವಾಗ ಬರುತ್ತಾರೋ ಅವರಿಗೆ ತಕ್ಕಂತೆ ಒಲೆಯ ಮೇಲೆ ಪಾತ್ರೆ ಬದಲಾಗುತ್ತದೆ. ಏಳೂವರೆಗೆ ಹೂವಿನಂತಿದ್ದ ಇಡ್ಲಿಯನ್ನು ಹತ್ತೂವರೆಗೆ ಹೋಗಿ ತಿಂದು, ಈ ಹೋಟೆಲು ಚೆನ್ನಾಗಿಲ್ಲ ಎಂದು ತೀರ್ಮಾನಿಸುವುದು ಆ ಹೋಟೆಲಿಗೆ ಮಾಡುವ ಅನ್ಯಾಯ.

ಇಲ್ಲಿ ಸ್ವಲ್ಪ ಹಿಂದಿನ ಸಂಗತಿಯನ್ನು ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಕೋಟೆಯ ಸುತ್ತಲಿನ ಇಕ್ಕಟ್ಟಾದ ಕೇರಿಗಳು ತತ್ತರಿಸಿದ ಮೇಲೆ, 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ಗಾಳಿ–ಬೆಳಕು ಬರುವ ಅಗಲ ರಸ್ತೆ, ಮನೆಗಳ ಹಿಂದೆ ಕಸ–ಚರಂಡಿಗೆಂದು ಬಿಡುವ ಕನ್ಸರ್ವೆನ್ಸಿ ಓಣಿ, ಮನೆಯ ಮುಂದೆ ಅಂಗಳ ಎಂಬ ಲೆಕ್ಕದಲ್ಲಿ ಹೊಸ ಮೊಹಲ್ಲಾಗಳು ಎದ್ದವು. ನಾವು ಇಂದು ಹಳೆಯ ಮೈಸೂರು ಎಂದು ಪ್ರೀತಿಯಿಂದ ಕರೆಯುವ ಬೀದಿಗಳಲ್ಲಿ ಎಷ್ಟೋ ಬೀದಿಗಳು ಒಂದು ಕಾಲದ ಹೊರವಲಯದ ಬಡಾವಣೆಗಳೇ. ಚಾಮುಂಡಿಪುರಂ ವೃತ್ತದ ಬಳಿಯ ಗಾಯತ್ರಿ ಟಿಫಿನ್ ರೂಮ್, ಅಂದರೆ ಎಲ್ಲರ ಬಾಯಲ್ಲಿರುವ ಜಿಟಿಆರ್, ನನ್ನ ದೃಷ್ಟಿಯಲ್ಲಿ ಪೇಟೆಯ ಹೋಟೆಲಲ್ಲ. ಅದು ಬಡಾವಣೆಯ ಹೋಟೆಲು. ಅಕ್ಕಪಕ್ಕದ ಮನೆಗಳವರು ಬೆಳಗಿನ ತಿಂಡಿಗೆಂದು ನಡೆದೇ ಬರುವ ಜಾಗ ಅದು. ಇಂದಿಗೂ ಅಲ್ಲಿ ವಾರದ ದಿನ ಬೆಳಿಗ್ಗೆ ಕುಳಿತರೆ, ಪ್ರವಾಸಿಗಳ ನಡುವೆಯೂ ಪತ್ರಿಕೆ ಹಿಡಿದು ಬಂದ ಆ ಬೀದಿಯ ಹಿರಿಯರನ್ನು ಗುರುತಿಸಬಹುದು. ಬೆಣ್ಣೆ ಕರಗಿ ಅಂಚಿನವರೆಗೆ ಹರಿದ ಮಸಾಲೆ ದೋಸೆಯ ಒಳಮೈಗೆ ಕೆಂಪು ಚಟ್ನಿ ಸವರಿ ಆಲೂಗಡ್ಡೆ ಪಲ್ಯ ಇಡುವ ಮೈಸೂರಿನ ಪದ್ಧತಿಯನ್ನು ನೋಡಬೇಕಾದರೆ ಅಲ್ಲಿಗೆ ಹೋಗಬೇಕು.

ಮೈಲಾರಿಯ ಬಗ್ಗೆಯೂ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1938ರಿಂದ ನಡೆದುಬಂದಿರುವ ಆ ಪುಟ್ಟ ಹೋಟೆಲಿನಲ್ಲಿ ಬಾಳೆ ಎಲೆಯ ಮೇಲೆ ಬರುವ ದೋಸೆ ಗರಿಗರಿಯಾಗಿರುವುದಿಲ್ಲ. ಮೆತ್ತಗೆ, ಬಾಯಲ್ಲಿ ಕರಗುವಂತಿರುತ್ತದೆ. ಒಳಗೆ ಸಾಗು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ, ಅಷ್ಟೇ. ಈ ಮೆತ್ತನೆಯ ದೋಸೆಯ ರುಚಿ ನಮ್ಮ ಬಡಾವಣೆಗಳ ಎಷ್ಟೋ ತಿಂಡಿ ಮನೆಗಳಿಗೆ ಮಾದರಿಯಾಗಿದೆ. ಸಣ್ಣ ಕೈಗಾಡಿಯವರೂ ಈಗ ಮೈಲಾರಿ ದೋಸೆ ಎಂದು ಫಲಕ ಬರೆಸುತ್ತಾರೆ. ಅವುಗಳಲ್ಲಿ ಒಳ್ಳೆಯದನ್ನು ಗುರುತಿಸುವುದು ಸುಲಭ: ಹಿಟ್ಟು ಹುಯ್ದ ಮೇಲೆ ಸೌಟಿನಿಂದ ಬಲವಾಗಿ ಎಳೆಯದೆ ಒಂದೇ ಸುತ್ತು ತಿರುಗಿಸಿ ಬಿಡುವವನು ಬಲ್ಲವನು. ಹೆಚ್ಚು ಎಳೆದರೆ ದೋಸೆ ತೆಳುವಾಗಿ ಗರಿಗಟ್ಟುತ್ತದೆ, ಆಮೇಲೆ ಸಾಗು ಅದರೊಳಗೆ ಹೊಂದುವುದಿಲ್ಲ.

ಈಗ ಬೆಳಗಿನ ಸರಸ್ವತಿಪುರಂಗೆ ಬರೋಣ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಸುಕಿನಲ್ಲೇ ನಡೆಯುವವರ ಒಂದು ದೊಡ್ಡ ಬಳಗವಿದೆ. ವಿಶ್ವವಿದ್ಯಾನಿಲಯದ ಅಧ್ಯಾಪಕರು, ನಿವೃತ್ತ ಬ್ಯಾಂಕ್ ನೌಕರರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ–ಹುಡುಗಿಯರು ಎಲ್ಲರೂ ಅಲ್ಲಿರುತ್ತಾರೆ. ಇವರೆಲ್ಲ ಕೆರೆಯಿಂದ ಹೊರಬಿದ್ದು ಸರಸ್ವತಿಪುರಂ ಕಡೆ ಇಳಿಯುವ ಹೊತ್ತಿಗೆ ಸರಿಯಾಗಿ ಅಲ್ಲಿನ ಮುಖ್ಯರಸ್ತೆಗಳ ಟಿಫನ್ ರೂಮುಗಳಲ್ಲಿ ಮೊದಲ ಸುತ್ತಿನ ಇಡ್ಲಿ ಇಳಿಯುತ್ತದೆ. ಅಗ್ನಿಶಾಮಕ ಠಾಣೆಯ ಸುತ್ತಮುತ್ತಲ ಬೀದಿಗಳಲ್ಲಿ ಮನೆಯ ಮುಂಭಾಗದ ಕೋಣೆಯನ್ನೇ ತೆರೆದು ನಡೆಸುವ ಚಿಕ್ಕ ಹೋಟೆಲುಗಳಿವೆ. ಕೆಲವಕ್ಕೆ ಫಲಕವೂ ಇಲ್ಲ, ಗುರುತು ಬೇಕೆಂದರೆ ಮುಂದೆ ನಿಲ್ಲಿಸಿದ ಸ್ಕೂಟರುಗಳ ಸಾಲು ನೋಡಬೇಕು. ಇಂಥ ಕಡೆ ಇಡ್ಲಿ–ವಡೆ, ಖಾಲಿ ದೋಸೆ, ಒಂದು ಬಾತು, ಕಾಫಿ, ಇದರಾಚೆಗೆ ಏನೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ವಾರದ ಒಂದೊಂದು ದಿನಕ್ಕೆ ಒಂದೊಂದು ಬಾತು. ಬಿಸಿಬೇಳೆಬಾತು, ವಾಂಗಿಬಾತು, ಶಾವಿಗೆಬಾತು, ಅವಲಕ್ಕಿ, ಹೀಗೆ ಸರದಿ ನಡೆಯುತ್ತದೆ. ವಾಂಗಿಬಾತಿನ ದಿನ ಯಾವುದೆಂದು ಆ ಬೀದಿಯವರಿಗೆಲ್ಲ ಬಾಯಿಪಾಠವಾಗಿರುತ್ತದೆ. ಬದನೆ ಹೋಳು ಕರಗದೆ, ಎಣ್ಣೆಯಲ್ಲಿ ಬೆಂದು ಮೆತ್ತಗಾಗಿ, ಪುಡಿಯ ಖಾರವನ್ನು ಹೀರಿಕೊಂಡಿದ್ದರೆ ಅದನ್ನು ಬಿಸಿಯಾಗಿ ತಿನ್ನುವ ಸುಖಕ್ಕಾಗಿ ಬೇರೆ ಬಡಾವಣೆಯಿಂದ ಬರುವುದೂ ಉಂಟು.

ಒಂದು ಹೊಸ ತಿಂಡಿ ಮನೆ ಚೆನ್ನಾಗಿದೆಯೇ ಎಂದು ತಿಳಿಯಲು ನಾನು ದೋಸೆಯನ್ನು ನೋಡುವುದಿಲ್ಲ, ಚಟ್ನಿಯನ್ನು ನೋಡುತ್ತೇನೆ. ಹುರಿಗಡಲೆಯನ್ನು ಹೆಚ್ಚು ಹಾಕಿ ಗಟ್ಟಿ ಮಾಡಿದ ಚಟ್ನಿ ಎರಡು ಗಂಟೆಯ ಬಳಿಕವೂ ಹಾಗೇ ಇರುತ್ತದೆ. ಕಾಯಿಯನ್ನೇ ನಂಬಿ ಅರೆದ ಚಟ್ನಿ ಬಹಳ ಹೊತ್ತು ತಾಳುವುದಿಲ್ಲ, ಆದ್ದರಿಂದ ಅದನ್ನು ಮತ್ತೆ ಮತ್ತೆ ಅರೆಯಬೇಕಾಗುತ್ತದೆ. ಒಳಗಿನಿಂದ ಗ್ರೈಂಡರಿನ ಸದ್ದು ನಡುನಡುವೆ ಕೇಳುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ಇಡ್ಲಿಯ ವಿಷಯದಲ್ಲೂ ಹಾಗೆಯೇ. ಸೋಡಾ ಹಾಕಿ ಉಬ್ಬಿಸಿದ ಇಡ್ಲಿ ನೋಡಲು ದೊಡ್ಡದಾಗಿ ಬಿಳುಪಾಗಿ ಕಾಣುತ್ತದೆ, ಮುರಿದರೆ ಒಳಗೆ ದೊಡ್ಡ ದೊಡ್ಡ ರಂಧ್ರಗಳಿರುತ್ತವೆ, ನಾಲಿಗೆಯ ಹಿಂಬದಿಗೆ ಸಣ್ಣ ಒಗರು ಅಂಟಿಕೊಳ್ಳುತ್ತದೆ. ಉದ್ದನ್ನು ಧಾರಾಳವಾಗಿ ರುಬ್ಬಿ ರಾತ್ರಿಯೆಲ್ಲ ಹುದುಗು ಬರಿಸಿದ ಇಡ್ಲಿ ಅಷ್ಟು ಉಬ್ಬುವುದಿಲ್ಲ. ಮುರಿದಾಗ ಎಳೆಎಳೆಯಾಗಿ ಬಿಡುತ್ತದೆ, ಸಾಂಬಾರಿನಲ್ಲಿ ಅದ್ದಿದರೂ ಕರಗಿಹೋಗದೆ ನಿಲ್ಲುತ್ತದೆ. ಮೈಸೂರಿನ ಡಿಸೆಂಬರ್–ಜನವರಿಯ ಚಳಿಯಲ್ಲಿ ಹಿಟ್ಟು ಸುಲಭವಾಗಿ ಹುಳಿ ಬರುವುದಿಲ್ಲ. ಆ ತಿಂಗಳುಗಳಲ್ಲೂ ಇಡ್ಲಿ ಮೃದುವಾಗಿರುವ ಹೋಟೆಲನ್ನು ಕಣ್ಣುಮುಚ್ಚಿ ನಂಬಬಹುದು.

ಸರಸ್ವತಿಪುರಂ, ಕೃಷ್ಣಮೂರ್ತಿಪುರಂ ಕಡೆಯವರಿಗೆಲ್ಲ ಹತ್ತಿರವಾಗಿರುವ ಬಲ್ಲಾಳ್ ವೃತ್ತದ ಮಹೇಶ್ ಪ್ರಸಾದ್ ಹೋಟೆಲು ಈ ಮಾತಿಗೆ ಹೊರತಲ್ಲ. ಅದು ದೊಡ್ಡ ಹೆಸರು ಮಾಡಿದ ಮೇಲೂ ಬಡಾವಣೆಯ ಗುಣವನ್ನು ಬಿಟ್ಟುಕೊಟ್ಟಿಲ್ಲ. ಭಾನುವಾರ ಬೆಳಿಗ್ಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲವಾದ್ದರಿಂದ ವಾರದ ದಿನವೇ ಹೋಗಬೇಕೆಂಬುದು ನನ್ನ ಸಲಹೆ. ಕಾಫಿಯನ್ನು ಕೊನೆಗೆಂದು ಉಳಿಸಿಕೊಳ್ಳದೆ ವಡೆಯ ಜೊತೆಗೇ ತರಿಸಿಕೊಳ್ಳಿ. ಗಟ್ಟಿ ಡಿಕಾಕ್ಷನ್ನಿನ ಕಹಿಗೂ ಉದ್ದಿನ ವಡೆಯ ಮೆಣಸಿಗೂ ಒಳ್ಳೆಯ ಹೊಂದಾಣಿಕೆಯಿದೆ.

ಮಧ್ಯಾಹ್ನದ ಊಟದ ವಿಷಯಕ್ಕೆ ಬಂದರೆ, ನನ್ನ ಮಟ್ಟಿಗೆ ಕುವೆಂಪುನಗರದ ಸಮಕ್ಕೆ ನಿಲ್ಲುವ ಬಡಾವಣೆ ಇಲ್ಲ. ಕಾಂಪ್ಲೆಕ್ಸಿನ ಸುತ್ತ, ಪಂಚಮಂತ್ರ ರಸ್ತೆಯ ಆಚೀಚೆ, ಮಂಡ್ಯ ಸೀಮೆಯಿಂದ ಬಂದು ನೆಲೆಸಿದವರು ನಡೆಸುವ ಮೆಸ್ಸುಗಳಿವೆ. ಮಂಡ್ಯ, ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ ಕಡೆಯಿಂದ ಮಕ್ಕಳ ಓದಿಗೆಂದೋ ನೌಕರಿಗೆಂದೋ ಬಂದ ಕುಟುಂಬಗಳು ಈ ಬಡಾವಣೆಯಲ್ಲಿ ಬಹಳ. ಅವರಿಗೆ ಬೇಕಾದದ್ದು ಮುದ್ದೆ, ಬಸ್ಸಾರು, ಉಪ್ಸಾರು, ಮಸ್ಸೊಪ್ಪು. ಆ ಬೇಡಿಕೆಯೇ ಈ ಮೆಸ್ಸುಗಳನ್ನು ಸಾಕಿದೆ. ಒಳಗೆ ನಾಲ್ಕಾರು ಮೇಜು, ಗೋಡೆಯ ಮೇಲೆ ಮನೆದೇವರ ಪಟ, ಮೂಲೆಯಲ್ಲಿ ಕೈತೊಳೆಯುವ ತೊಟ್ಟಿ, ಗಲ್ಲಾದ ಮೇಲೆ ಬಾಳೆಹಣ್ಣಿನ ಚಿಪ್ಪು. ಒಂದು ಗಂಟೆಗೆ ಸ್ವಲ್ಪ ಮುಂಚೆ ಹೋದರೆ ಮುದ್ದೆ ಬಿಸಿಯಾಗಿ ಸಿಗುತ್ತದೆ, ಪಲ್ಯ ತಳ ಕಂಡಿರುವುದಿಲ್ಲ. ಎರಡೂವರೆಯ ಮೇಲೆ ಹೋದವರಿಗೆ ಅನ್ನ–ಸಾರೇ ಗತಿ.

ಮುದ್ದೆಯನ್ನು ಹೇಗೆ ಮಾಡುತ್ತಾರೆ ಎಂಬುದನ್ನು ಇಂಥ ಒಂದು ಮೆಸ್ಸಿನ ಹಿತ್ತಿಲಲ್ಲಿ ನಿಂತು ನಾನು ನೋಡಿದ್ದೇನೆ. ದೊಡ್ಡ ತಪ್ಪಲೆಯಲ್ಲಿ ಎಸರು ಕುದಿಯುವಾಗ ಮೊದಲು ಒಂದು ಹಿಡಿ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕುತ್ತಾರೆ. ಅದು ಉಕ್ಕಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯುತ್ತಾರೆ, ಆದರೆ ಕಲಕುವುದಿಲ್ಲ. ಮುದ್ದೆಕೋಲಿನಿಂದ ಗುಡ್ಡೆಯ ನಡುವೆ ತೂತು ಮಾಡಿ, ಎಸರು ಆ ತೂತಿನಿಂದ ಮೇಲೆ ಬಂದು ಹಿಟ್ಟು ತನ್ನಷ್ಟಕ್ಕೆ ಬೇಯಲು ಬಿಡುತ್ತಾರೆ. ಈ ಹಂತದಲ್ಲಿ ಅವಸರ ಮಾಡಿದರೆ ಮುದ್ದೆಯಲ್ಲಿ ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ, ಗಂಟುಗಳು ಬೀಳುತ್ತವೆ. ಬೆಂದ ಮೇಲೆ ತಪ್ಪಲೆಯನ್ನು ಕೆಳಗಿಳಿಸಿ, ಅಲುಗದಂತೆ ಕವೆಗೋಲಿನಿಂದ ಒತ್ತಿ ಹಿಡಿದು, ಎರಡೂ ಕೈಯಿಂದ ಕೋಲು ಹಿಡಿದು ತೊಳಸುತ್ತಾರೆ. ಆ ತೊಳಸುವಿಕೆಗೆ ತೋಳಿನ ಬಲವಷ್ಟೇ ಸಾಲದು, ಕೋಲು ಯಾವ ಕಡೆಯಿಂದ ಅಂಚನ್ನು ಒರೆಸಿಕೊಂಡು ಬರಬೇಕೆಂಬ ಅಂದಾಜೂ ಬೇಕು. ಕೊನೆಗೆ ಒದ್ದೆ ಮಾಡಿದ ಮರದ ಮಣೆಯ ಮೇಲೆ ಹಾಕಿ, ಕೈಯನ್ನು ನೀರಿನಲ್ಲಿ ಅದ್ದಿಕೊಳ್ಳುತ್ತ, ಹಬೆಯಾಡುವಾಗಲೇ ಉಂಡೆ ಕಟ್ಟುತ್ತಾರೆ. ಹೊಳೆಯುವ, ಬೆರಳಿಗೆ ಅಂಟದ ಮುದ್ದೆ ತಟ್ಟೆಗೆ ಬಂದರೆ, ಹಿಂದಿನ ಕೆಲಸವೆಲ್ಲ ಸರಿಯಾಗಿ ನಡೆದಿದೆ ಎಂದೇ ಅರ್ಥ.

ಬಸ್ಸಾರಿನದು ಇನ್ನೂ ಸೂಕ್ಷ್ಮವಾದ ಕೆಲಸ. ಸೊಪ್ಪು ಮತ್ತು ಕಾಳನ್ನು, ಅಥವಾ ಸೊಪ್ಪು ಮತ್ತು ತೊಗರಿಬೇಳೆಯನ್ನು ಬೇಯಿಸಿ ನೀರನ್ನು ಬಸಿದುಕೊಳ್ಳುತ್ತಾರೆ. ಕಟ್ಟು ಎಂದು ಕರೆಯುವ ಆ ನೀರಿಗೆ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿ, ಹುಣಸೆಹಣ್ಣು, ಸಾರಿನ ಪುಡಿ, ಜೊತೆಗೆ ಬೆಂದ ಕಾಳಿನದೇ ಒಂದು ಹಿಡಿಯನ್ನು ಅರೆದು ಸೇರಿಸಿ ಕುದಿಸಿದರೆ ಸಾರು. ಉಳಿದ ಸೊಪ್ಪು–ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ ಹುಟ್ಟುವುದರಿಂದ ಎರಡರ ರುಚಿಯೂ ಒಂದನ್ನೊಂದು ಬಲ್ಲವು. ಬೇರೆ ಕಡೆ ಬೇಳೆಸಾರಿಗೆ ಸೊಪ್ಪು ಹಾಕಿ ಬಸ್ಸಾರು ಎಂದು ಬಡಿಸುತ್ತಾರೆ. ಅದರಲ್ಲಿ ಕಟ್ಟಿನ ತಿಳಿ ಇರುವುದಿಲ್ಲ, ತಟ್ಟೆಯ ಮೇಲೆ ಹರಿಯುವ ಗುಣವಿರುವುದಿಲ್ಲ. ಮುದ್ದೆಯ ತುಣುಕನ್ನು ಅದ್ದಿ ಜಗಿಯದೆ ನುಂಗಬೇಕಾದರೆ ಸಾರು ತಿಳಿಯಾಗಿಯೇ ಇರಬೇಕು. ಉಪ್ಸಾರಿನ ದಿನವಾದರೆ ಖಾರವನ್ನು ತಟ್ಟೆಯ ಅಂಚಿಗೆ ಬೇರೆಯಾಗಿ ಹಾಕುತ್ತಾರೆ. ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಸೇರಿಸಿ ಅರೆದ ಆ ಖಾರವನ್ನು ಎಷ್ಟು ಕಲಸಿಕೊಳ್ಳಬೇಕೆಂಬುದು ಉಣ್ಣುವವರ ತಾಕತ್ತಿಗೆ ಬಿಟ್ಟದ್ದು. ಹೊಸಬರು ಕಡಲೆಕಾಳಿನಷ್ಟರಿಂದ ಶುರುಮಾಡುವುದು ಒಳ್ಳೆಯದು.

ಈ ಮೆಸ್ಸುಗಳಲ್ಲಿ ಬಡಿಸುವ ರೀತಿಯೂ ನನಗೆ ಇಷ್ಟ. ತಟ್ಟೆ ಖಾಲಿಯಾಗುವ ಮುಂಚೆಯೇ ಮನೆಯೊಡತಿ ಬಂದು, “ಸಾರ್, ಇನ್ನರ್ಧ ಮುದ್ದೆ ಇಕ್ಲಾ? ಕಾಳು ಇವತ್ತು ಚೆನ್ನಾಗ್ ಬಂದದೆ,” ಎನ್ನುತ್ತಾರೆ. ಬೇಡವೆಂದರೆ, “ಸಾಕಾ? ಇಷ್ಟೇಯಾ ಉಣ್ಣದು? ಮಜ್ಜಿಗೆನಾದ್ರೂ ಕುಡೀರಿ,” ಎಂದು ಲೋಟ ತುಂಬಿಸಿಯೇ ಹೋಗುತ್ತಾರೆ. ಊರಿನಿಂದ ದೂರವಿದ್ದು ಓದುವ ಹುಡುಗರು ತಿಂಗಳ ಲೆಕ್ಕದಲ್ಲಿ ಇಲ್ಲಿಯೇ ಉಣ್ಣುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಒಬ್ಬ ಹುಡುಗ ಬರದಿದ್ದರೆ ಅವನ ಸ್ನೇಹಿತರನ್ನು ವಿಚಾರಿಸುವುದನ್ನೂ ಕೇಳಿಸಿಕೊಂಡಿದ್ದೇನೆ. ಇದನ್ನು ಹೋಟೆಲಿನ ಗುಣಗಳ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ, ಖಂಡಿತವಾಗಿ ಸೇರಿಸಬೇಕೆಂಬುದು ನನ್ನ ಉತ್ತರ.

ಮಧ್ಯಾಹ್ನ ಇಳಿದ ಮೇಲೆ ಬಿಡುವಿದ್ದರೆ ಜಯಲಕ್ಷ್ಮೀಪುರಂ ಕಡೆಗೆ ಹೋಗಬಹುದು. ವಿನೋಬಾ ರಸ್ತೆಯಲ್ಲಿ ಚಿತ್ತರಂಜನ ಮಹಲ್ ಇದೆ. ಒಡೆಯರ ಮನೆತನದ ರಾಜಕುಮಾರಿಯರಿಗೆಂದು ಕಟ್ಟಿಸಿದ ಆ ಅರಮನೆ ಮುಂದೆ ಪ್ರೀಮಿಯರ್ ಸ್ಟುಡಿಯೊ ಆಯಿತು. ಎಷ್ಟೋ ಕನ್ನಡ ಚಿತ್ರಗಳ ಚಿತ್ರೀಕರಣ ಅಲ್ಲಿ ನಡೆಯಿತು. 1989ರ ಫೆಬ್ರವರಿಯಲ್ಲಿ ಆ ಸ್ಟುಡಿಯೊದಲ್ಲಿ ಸಂಭವಿಸಿದ ಘೋರ ಅಗ್ನಿದುರಂತವನ್ನು ಮೈಸೂರಿನ ಹಿರಿಯರು ಇನ್ನೂ ಮರೆತಿಲ್ಲ. ಈಗ ಅರಮನೆ ಗ್ರೀನ್ ಹೋಟೆಲ್ ಆಗಿದೆ, ಆವರಣದಲ್ಲಿ ವಿಶಾಲವಾದ ತೋಟವಿದೆ, ಮಾಲ್ಗುಡಿ ಹೆಸರಿನ ಕೆಫೆಯೂ ಇದೆ. ಇಲ್ಲಿಗೆ ಹಸಿದು ಹೋಗಬೇಕಾಗಿಲ್ಲ. ಒಂದು ಲೋಟ ಕಾಫಿ, ಒಂದು ತುಂಡು ಕೇಕು ತೆಗೆದುಕೊಂಡು ಮರದ ನೆರಳಲ್ಲಿ ಕುಳಿತು ಬರಲು ಹೋಗಬೇಕು. ಅಲ್ಲಿಂದ ಸ್ವಲ್ಪ ದೂರದಲ್ಲೇ ಒಂಟಿಕೊಪ್ಪಲು, ಕುವೆಂಪು ಅವರು ಬಾಳಿದ ಉದಯರವಿ ಮನೆ ಇರುವುದೂ ಆ ಭಾಗದಲ್ಲೇ. ಹಾಗೆ ನಡೆಯುತ್ತ ಹೋದರೆ ಕಾಳಿದಾಸ ರಸ್ತೆ ಸಿಗುತ್ತದೆ. ಅಲ್ಲಿ ಹೋಟೆಲುಗಳು ಸಾಲುಗಟ್ಟಿವೆ, ಆದರೆ ದೂರದಿಂದ ಹುಡುಕಿಕೊಂಡು ಬರಬೇಕಾದಂಥವು ಕಡಿಮೆ.

ಗೋಕುಲಂ ಬೇರೆಯೇ ಲೋಕ. ಯೋಗಗುರು ಕೆ. ಪಟ್ಟಾಭಿ ಜೋಯಿಸರು ತಮ್ಮ ಅಷ್ಟಾಂಗ ಯೋಗ ಶಾಲೆಯನ್ನು ಲಕ್ಷ್ಮೀಪುರಂನಿಂದ ಇಲ್ಲಿಗೆ ತಂದ ಮೇಲೆ, ಪ್ರಪಂಚದ ನಾನಾ ಕಡೆಯಿಂದ ಬಂದ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಈ ಬಡಾವಣೆಯಲ್ಲಿ ಇರುವುದು ವಾಡಿಕೆಯಾಯಿತು. ಅವರು ಬೆಳಿಗ್ಗೆ ಬಹಳ ಬೇಗ ಅಭ್ಯಾಸ ಮುಗಿಸಿ ಹಸಿದು ಬರುತ್ತಾರೆ, ಖಾರ ತಿನ್ನುವುದಿಲ್ಲ, ಕರಿದದ್ದನ್ನು ಮುಟ್ಟುವುದಿಲ್ಲ. ಹೀಗಾಗಿ ಇಲ್ಲಿ ಮನೆಯ ಮಹಡಿಯ ಮೇಲೆ, ತೋಟದ ಮೂಲೆಯಲ್ಲಿ ಹಣ್ಣು, ಸೊಪ್ಪು, ಸಿರಿಧಾನ್ಯದ ತಿಂಡಿ ಕೊಡುವ ಸಸ್ಯಾಹಾರಿ ಕೆಫೆಗಳು ಹುಟ್ಟಿಕೊಂಡಿವೆ. ಋತು ಇರುವಾಗ, ಅಂದರೆ ಚಳಿಗಾಲದಲ್ಲಿ, ಅವು ತುಂಬಿರುತ್ತವೆ. ಬೇಸಿಗೆಯಲ್ಲಿ ಕೆಲವು ಬಾಗಿಲನ್ನೇ ಹಾಕಿರುತ್ತವೆ. ಅವುಗಳ ಪಕ್ಕದಲ್ಲೇ ಎಳನೀರಿನ ಗಾಡಿ, ಅದರ ಪಕ್ಕದಲ್ಲೇ ಬಿಸಿ ಪೊಂಗಲ್ ಮಾರುವ ಕೈಗಾಡಿ. ನನ್ನ ಒಲವು ಪೊಂಗಲಿನ ಕಡೆಗೇ.

ಸಂಜೆಯ ಬಗ್ಗೆ ಹೇಳುವುದು ಬಹಳವಿದೆ, ಆದರೆ ಎರಡನ್ನು ಮಾತ್ರ ಆರಿಸಿಕೊಳ್ಳುತ್ತೇನೆ. ಮೊದಲನೆಯದು ಅಯ್ಯಂಗಾರ್ ಬೇಕರಿ. ಪ್ರತಿ ಬಡಾವಣೆಯ ಮುಖ್ಯರಸ್ತೆಯಲ್ಲೂ ಒಂದಾದರೂ ಇರುತ್ತದೆ, ಮತ್ತು ಮಧ್ಯಾಹ್ನದ ಕೊನೆಯ ಹೊತ್ತಿಗೆ ಒಲೆಯಿಂದ ಹೊಸ ಸುತ್ತು ಹೊರಬರುತ್ತದೆ. ಖಾರಾ ಬನ್ನನ್ನು ಆ ಹೊತ್ತಿಗೇ ತಿನ್ನಬೇಕು: ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಿಟ್ಟಿನೊಳಗೇ ಬೆಂದು ಬಿಸಿಯಾಗಿದ್ದಾಗ ಅದಕ್ಕೆ ಬೆಣ್ಣೆಯೂ ಬೇಕಾಗುವುದಿಲ್ಲ. ರಾತ್ರಿ ಕೊಂಡುಹೋದ ಅದೇ ಬನ್ನು ಬೆಳಿಗ್ಗೆ ಸಪ್ಪೆಯಾಗಿರುತ್ತದೆ. ಎರಡನೆಯದು ಚುರುಮುರಿ ಗಾಡಿ. ಉದ್ಯಾನಗಳ ಗೇಟಿನ ಬಳಿ ನಿಲ್ಲುವ ಈ ಗಾಡಿಗಳಲ್ಲಿ ಪುರಿಗೆ ಕ್ಯಾರೆಟ್ ತುರಿ, ಈರುಳ್ಳಿ, ಟೊಮೆಟೊ, ಕಾಲ ಬಂದಾಗ ಮಾವಿನಕಾಯಿ, ಖಾರದ ಪುಡಿ, ನಿಂಬೆರಸ, ಮೇಲೊಂದು ಚಮಚ ಕೊಬ್ಬರಿ ಎಣ್ಣೆ ಹಾಕಿ ಡಬರಿಯಲ್ಲಿ ಕಟಕಟನೆ ಕಲಸುತ್ತಾರೆ. ಕಲಸಿದ ತಕ್ಷಣ, ಪುರಿ ಇನ್ನೂ ಗರಿಗರಿಯಾಗಿರುವಾಗಲೇ ತಿನ್ನಬೇಕಾದ್ದರಿಂದ ಇದನ್ನು ಪಾರ್ಸೆಲ್ ಮಾಡಿಸುವುದು ವ್ಯರ್ಥ. ಟೊಮೆಟೊವನ್ನು ಬಿಲ್ಲೆಯಾಗಿ ಕೊಯ್ದು, ಅದರ ಮೇಲೆ ಮಸಾಲೆ, ಕ್ಯಾರೆಟ್ ತುರಿ, ಓಂಪುಡಿ ಹರಡಿ ಕೊಡುವುದನ್ನೂ ಇದೇ ಗಾಡಿಯಲ್ಲಿ ಕೇಳಿ.

ವಿಜಯನಗರದ ಹೆಸರು ಹೇಳಿದರೆ ಅನೇಕರಿಗೆ ಮೊದಲು ನೆನಪಾಗುವುದು ಮೊದಲ ಹಂತದ ಯೋಗಾನರಸಿಂಹ ಸ್ವಾಮಿ ದೇವಸ್ಥಾನ ಮತ್ತು ಹೊಸ ವರ್ಷದ ದಿನ ಅಲ್ಲಿ ಭಕ್ತರಿಗೆ ಹಂಚುವ ಲಡ್ಡುಗಳು. ಲಕ್ಷದ ಲೆಕ್ಕದಲ್ಲಿ ಕಟ್ಟುವ ಆ ಲಡ್ಡುಗಳಿಗಾಗಿ ಜನವರಿ 1ರ ನಸುಕಿನಿಂದಲೇ ಸಾಲು ನಿಲ್ಲುತ್ತದೆ. ಆದರೆ ಹೋಟೆಲಿನ ಮಾತಿಗೆ ಬಂದರೆ ವಿಜಯನಗರದಿಂದ ಹಿನಕಲ್ ಕಡೆಗೆ, ಹುಣಸೂರು ರಸ್ತೆಯ ಉದ್ದಕ್ಕೂ, ಭಾನುವಾರ ಬೆಳಿಗ್ಗೆ ನಾಟಿ ಪಲಾವಿನ ವಾಸನೆ ಹಬ್ಬಿರುತ್ತದೆ. ಬೆಳಿಗ್ಗೆಯೇ ಮಟನ್ ಪಲಾವ್ ತಿನ್ನುವ ಪದ್ಧತಿ ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ನಮ್ಮ ಕಡೆ ಅದು ಸಹಜ. 1930ರಲ್ಲಿ ಆರಂಭವಾದ ಮಂಡಿ ಮೊಹಲ್ಲಾದ ಹನುಮಂತು ಹೋಟೆಲು ಮೈಸೂರಿಗೆ ಕಲಿಸಿದ ರುಚಿ ಇದು. ಅದೇ ದಾರಿಯಲ್ಲಿ ನಡೆಯುತ್ತಿರುವ ಚಿಕ್ಕ ಹೋಟೆಲುಗಳು ಈಗ ಬಡಾವಣೆಗಳಲ್ಲೂ ಇವೆ.

ನಾಟಿ ಪಲಾವಿಗೆ ಬಣ್ಣ ಹಾಕುವುದಿಲ್ಲ, ಕೇಸರಿ ಹಾಕುವುದಿಲ್ಲ. ಕೊತ್ತಂಬರಿ ಸೊಪ್ಪು, ಪುದೀನ, ಹಸಿಮೆಣಸಿನಕಾಯಿ, ಶುಂಠಿ–ಬೆಳ್ಳುಳ್ಳಿ, ಚಕ್ಕೆ–ಲವಂಗ ಅರೆದ ಮಸಾಲೆಯಲ್ಲಿ ಮಾಂಸ ಬೆಂದು, ಅದೇ ನೀರಿನಲ್ಲಿ ಅಕ್ಕಿ ಅರಳಬೇಕು. ಉದ್ದನೆಯ ಬಾಸುಮತಿಗಿಂತ ಸಣ್ಣ ಅಕ್ಕಿಯೇ ಇದಕ್ಕೆ ಸರಿ, ಏಕೆಂದರೆ ಸಣ್ಣ ಅಕ್ಕಿ ಮಸಾಲೆಯನ್ನು ಹೀರಿಕೊಳ್ಳುತ್ತದೆ. ಮಾಂಸದ ವಿಷಯದಲ್ಲಿ ಮೈಸೂರು–ಮಂಡ್ಯದವರು ಅದೃಷ್ಟವಂತರು. ಗಿಡ್ಡ ಕಾಲಿನ, ಗಟ್ಟಿಮುಟ್ಟಾದ ಮೈಕಟ್ಟಿನ ಬನ್ನೂರು ಕುರಿ ನಮ್ಮ ನೆಲದ್ದೇ ತಳಿ. ಕೊಬ್ಬು ಮಾಂಸದೊಳಗೇ ಹರಡಿಕೊಂಡಿರುವುದರಿಂದ ಅದು ಬೇಗ ಬೇಯುತ್ತದೆ, ಬೆಂದ ಮೇಲೂ ಒಣಗುವುದಿಲ್ಲ. ಬನ್ನೂರು ಕುರಿಯೇ ಎಂದು ಎಲ್ಲರೂ ಹೇಳಿಕೊಳ್ಳುತ್ತಾರೆ, ಎಲ್ಲರ ಮಾತನ್ನೂ ನಂಬಲಾಗುವುದಿಲ್ಲ. ಆದರೆ ಪಲಾವಿನ ಜೊತೆ ಕೊಡುವ ಸಾರಿನ ಮೇಲೆ ಎಣ್ಣೆ ತೇಲದೆ ಮಾಂಸದ ಜಿಡ್ಡು ಮಾತ್ರ ತೆಳ್ಳಗೆ ಹರಡಿದ್ದರೆ ಆ ಅಡುಗೆಯವರು ಪ್ರಾಮಾಣಿಕರು. ಹತ್ತು ಗಂಟೆಯೊಳಗೆ ಹೋಗಿ. ಪಾತ್ರೆ ಖಾಲಿಯಾದ ಮೇಲೆ ಎರಡನೆಯ ಸಲ ಮಾಡುವುದಿಲ್ಲ. ಎರಡನೆಯ ಸಲ ಮಾಡುವುದಿಲ್ಲವೆಂಬುದೇ ನಾನು ಅಲ್ಲಿಗೆ ಹೋಗುವುದಕ್ಕೆ ಒಂದು ಕಾರಣ.

ವರ್ತುಲ ರಸ್ತೆಯ ಬದಿಯಲ್ಲಿ ಈಚೆಗೆ ಎದ್ದಿರುವ ದೊಡ್ಡ ಫ್ಯಾಮಿಲಿ ರೆಸ್ಟೋರೆಂಟುಗಳ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ವಾಹನ ನಿಲ್ಲಿಸಲು ಜಾಗವಿದೆ, ಮಕ್ಕಳಿಗೆ ಜೋಕಾಲಿಯಿದೆ, ವಯಸ್ಸಾದವರನ್ನು ಕರೆದುಕೊಂಡು ಹೋಗಲು ಅನುಕೂಲ. ಆದರೆ ಒಂದೇ ಅಡುಗೆಮನೆಯಲ್ಲಿ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ, ನಾಟಿಕೋಳಿ ಸಾರು, ಮಸಾಲೆ ದೋಸೆ ಎಲ್ಲವೂ ಎಲ್ಲ ಹೊತ್ತೂ ಸಿಗುವಾಗ ಯಾವುದಕ್ಕೂ ಅದರದೇ ಗಮನ ಸಿಗುವುದಿಲ್ಲ. ಇಂಥ ಒಂದು ಜಾಗದಲ್ಲಿ ನಾಟಿಕೋಳಿ ಸಾರೆಂದು ಕೊಟ್ಟದ್ದು ಫಾರಂ ಕೋಳಿಯೆಂದು ಮೂಳೆ ಕಚ್ಚಿದೊಡನೆ ತಿಳಿದು, ನಮ್ಮ ಮನೆಯವರೆಲ್ಲ ಬಹಳ ಬೇಸರಪಟ್ಟೆವು. ನಾಟಿಕೋಳಿಯ ಮೂಳೆ ಗಟ್ಟಿ, ಮಾಂಸ ಬೇಯಲು ಹೊತ್ತು ಬೇಕು. ಆರ್ಡರ್ ಕೊಟ್ಟು ಹದಿನೈದು ನಿಮಿಷದಲ್ಲಿ ಬರುವ ನಾಟಿಕೋಳಿಯನ್ನು ಅನುಮಾನದಿಂದಲೇ ನೋಡಬೇಕು. ಮೆಸ್ಸಿನಲ್ಲಾದರೆ ಬೆಳಿಗ್ಗೆಯೇ ಒಲೆಗೇರಿಸಿರುತ್ತಾರೆ, ಇಲ್ಲವೇ ಇವತ್ತು ಇಲ್ಲವೆಂದು ನೇರವಾಗಿ ಹೇಳುತ್ತಾರೆ.

ಊರಿನ ಹೊರಗಿನಿಂದ ಬರುವವರು ಇನ್ನೂ ಕೆಲವನ್ನು ತಿಳಿದುಕೊಂಡಿರಬೇಕು. ಶ್ರಾವಣದಲ್ಲಿ ಮಾಂಸದ ಮೆಸ್ಸುಗಳಲ್ಲಿ ಅಡುಗೆ ಕಡಿಮೆ ಮಾಡುತ್ತಾರೆ, ಕೆಲವರು ಸೋಮವಾರ, ಶನಿವಾರಗಳಂದು ಬಾಗಿಲನ್ನೇ ತೆರೆಯುವುದಿಲ್ಲ. ಗೌರಿ–ಗಣೇಶ, ಯುಗಾದಿಗಳಿಗೆ ಅಡುಗೆಯವರು ಊರಿಗೆ ಹೋಗುವುದರಿಂದ ಬಡಾವಣೆಯ ಚಿಕ್ಕ ಹೋಟೆಲುಗಳು ಎರಡು–ಮೂರು ದಿನ ಮುಚ್ಚಿರುತ್ತವೆ. ದಸರೆಯ ಸಮಯದಲ್ಲಿ ಊರೆಲ್ಲ ಜನಜಂಗುಳಿ. ಆಗ ಪೇಟೆಯ ಹೋಟೆಲುಗಳಲ್ಲಿ ಕಾಯುವುದಕ್ಕಿಂತ ಆಹಾರ ಮೇಳಕ್ಕೆ ಹೋಗುವುದು ಲೇಸು. ಆದಿವಾಸಿ ಸಮುದಾಯದವರು ಹಸಿ ಬಿದಿರಿನ ಬೊಂಬಿನಲ್ಲಿ ಬೇಯಿಸಿ ಕೊಡುವ ಬಿರಿಯಾನಿಯನ್ನು ಬೇರೆ ದಿನಗಳಲ್ಲಿ ನೀವು ಎಲ್ಲಿಯೂ ಸುಲಭವಾಗಿ ಕಾಣುವುದಿಲ್ಲ.

ಬಡಾವಣೆಗಳ ಊಟಕ್ಕೆಂದೇ ಬರುವುದಾದರೆ ಡಿಸೆಂಬರಿನ ಕೊನೆ ಅಥವಾ ಜನವರಿಯನ್ನು ಆರಿಸಿಕೊಳ್ಳಿ. ಸೊಗಡಿನ ಅವರೆಕಾಯಿ ಆಗ ಮಾರುಕಟ್ಟೆಗೆ ಬಂದಿರುತ್ತದೆ, ತಿಂಡಿ ಮನೆಗಳಲ್ಲಿ ಉಪ್ಪಿಟ್ಟಿಗೂ ಅವರೆಕಾಳು ಬೀಳುತ್ತದೆ. ಕುವೆಂಪುನಗರದ ಮೆಸ್ಸುಗಳಲ್ಲಿ ಹಿದುಕಿದವರೆ ಸಾರು ಮಾಡುವುದು ಈ ತಿಂಗಳುಗಳಲ್ಲಿ ಮಾತ್ರ, ಅದೂ ವಾರಕ್ಕೆ ಒಂದೆರಡು ದಿನ, ಏಕೆಂದರೆ ನೆನೆಸಿದ ಕಾಳನ್ನು ಒಂದೊಂದಾಗಿ ಹಿದುಕಲು ಮನೆಮಂದಿಯೆಲ್ಲ ಹಿಂದಿನ ರಾತ್ರಿ ಕೂರಬೇಕಾಗುತ್ತದೆ. ಆದ್ದರಿಂದ ಹಿಂದಿನ ದಿನವೇ ಮೆಸ್ಸಿಗೆ ಹೋಗಿ ಊಟ ಮಾಡಿ, ಏಳುವಾಗ ಹಿದುಕಿದವರೆ ಯಾವ ದಿನವೆಂದು ವಿಚಾರಿಸಿಕೊಳ್ಳಿ. ಮಾರನೆಯ ದಿನವೆಂದರೆ ಎಷ್ಟು ಜನ ಬರುತ್ತೀರೆಂದು ಹೇಳಿಬಿಟ್ಟು ಹೋಗಿ, ಅಷ್ಟಕ್ಕೆ ಸರಿಯಾಗಿ ಕಾಳು ನೆನೆಹಾಕುತ್ತಾರೆ.